ಚುಕ್ಕಿ ಅವನದು, ಕಾಲು ನನ್ನದು

ನಕ್ಷೆಯ ಮೇಲೆ ಚುಕ್ಕಿಯಿಡಲು ಒಂದು ಬೆರಳಿದ್ದರೆ ಸಾಕು. ಆ ಚುಕ್ಕಿಯ ಮೇಲೆ ಹೋಗಿ ನಿಲ್ಲಲು ಮಾತ್ರ ಎರಡು ಕಾಲು, ಒಂದು ಜೊತೆ ಮೆಟ್ಟು ಮತ್ತು ಅಪಾರ ಸಹನೆ ಬೇಕು. ಯುದ್ಧದ ವರ್ಷಗಳಲ್ಲಿ ಮಾಲೂರು ತಾಲ್ಲೂಕು ಕಚೇರಿಯ ಗುಮಾಸ್ತನಾಗಿದ್ದ ನನಗೆ ಈ ಜ್ಞಾನೋದಯವಾದದ್ದು ಗೆಳೆಯ ಶೇಷಗಿರಿಯ ಕೃಪೆಯಿಂದ.

ಶೇಷಗಿರಿ ಗಣಿತದ ಸಂಶೋಧಕ. ಕಣ್ಣುಮುಚ್ಚಿ ನಕ್ಷೆಯ ಮೇಲೆ ಚುಕ್ಕಿಗಳನ್ನು ಎರಚಿ, ಎಷ್ಟು ಚುಕ್ಕಿ ಹೊಲಕ್ಕೆ ಬಿದ್ದವೆಂದು ಎಣಿಸಿದರೆ ತಾಲ್ಲೂಕಿನಲ್ಲಿ ಹೊಲವೆಷ್ಟೆಂದು ತಿಳಿಯುತ್ತದೆ, ಬಿದ್ದಲ್ಲೇ ಒಂದು ಚೌಕದ ಪೈರು ಕೊಯ್ದು ತೂಗಿದರೆ ರಾಗಿಯೆಷ್ಟೆಂದೂ ತಿಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಅದುವರೆಗೆ ನಾವು ಗಾಡಿಯಲ್ಲಿ ಕುಳಿತು ರಸ್ತೆಯಂಚಿನ ಹೊಲಗಳನ್ನು ನೋಡಿಯೇ ಬೆಳೆ ಬರೆಯುತ್ತಿದ್ದೆವು; ರೈತರು ಸರ್ಕಾರಕ್ಕೆ ಕೊಡಬೇಕಾದ ಲೆವಿ ರಾಗಿ ಅದರ ಮೇಲೆಯೇ ನಿಗದಿಯಾಗುತ್ತಿತ್ತು. ಆ ವರ್ಷ ಸರ್ಕಾರ ಅವನ ಸಿದ್ಧಾಂತವನ್ನು ನಮ್ಮ ತಾಲ್ಲೂಕಿನಲ್ಲಿ ಪರೀಕ್ಷಿಸಲು ಒಪ್ಪಿತು; ಚುಕ್ಕಿಯಿಡುವುದು ಅವನ ಪಾಲಿಗೆ, ಅಲ್ಲಿಗೆ ನಡೆದು ಅಳೆಯುವುದು ನನ್ನ ಪಾಲಿಗೆ ಬಂತು.

ಮೊದಲ ಚುಕ್ಕಿ ಬಿದ್ದದ್ದು ಟೇಕಲ್ ಬೆಟ್ಟದ ಬಂಡೆಯ ಮೇಲೆ. ಏದುಸಿರು ಬಿಡುತ್ತ ಹತ್ತಿ ಇಳಿದು ಬಂದು, ಇಂಥವನ್ನು ಕೊಂಚ ಪಕ್ಕಕ್ಕೆ ಸರಿಸಬಾರದೇ ಎಂದು ಶೇಷಗಿರಿಯನ್ನು ಕೇಳಿದೆ. ಸರಿಸಿದರೆ ಅದು ಗಣಿತವಲ್ಲ, ನಿನ್ನ ಅನುಕೂಲ ಎಂದ. ಬಂಡೆಯಲ್ಲಿ ಏನೂ ಬೆಳೆಯದಿದ್ದರೆ ಸೊನ್ನೆ ಬರೆಯಬೇಕಂತೆ. ನೀವೇ ಹೇಳಿ, ಸೊನ್ನೆ ಬರೆಯಲೆಂದು ಬೆಟ್ಟ ಹತ್ತಿದ ಗುಮಾಸ್ತ ಇಡೀ ಸಂಸ್ಥಾನದಲ್ಲಿ ಇನ್ನೊಬ್ಬನಿದ್ದಾನೆಯೇ?

ಲಕ್ಕೂರಿನ ಚುಕ್ಕಿ ಮುನಿಯಮ್ಮನೆಂಬ ವಿಧವೆಯ ಹೊಲದ ಮೂಲೆಯಲ್ಲಿ, ಮುಳ್ಳುಪೊದೆಗಳ ಆಚೆ, ಪೈರು ಮೊಣಕಾಲೆತ್ತರವೂ ಬಾರದ ಕಲ್ಲುನೆಲದಲ್ಲಿ ಬಿದ್ದಿತ್ತು. ಬಿಸಿಲಿಗೆ ನನ್ನ ತಾಳ್ಮೆ ಕರಗಿಹೋಗಿತ್ತು. ಈಚೆಯ ಹುಲುಸಾದ ರಾಗಿಯಲ್ಲೇ ಚೌಕ ಗುರುತಿಸುವ ಗೂಟ ನೆಟ್ಟೆ.

ನೋಡುತ್ತ ನಿಂತಿದ್ದ ಮುನಿಯಮ್ಮ ಹತ್ತಿರ ಬಂದಳು. "ಸ್ವಾಮಿ, ಹೋದ್ ವರ್ಷಾನೂ ಚೆಂದಾಗಿರೋದ್ನೇ ನೋಡಿ ಬರ್ಕೊಂಡು ಹೋದ್ರಿ. ಬಿತ್ತನೆಗೆ ಇಟ್ಕೊಂಡಿದ್ದ ರಾಗೀನೂ ಲೆವಿಗೆ ಅಳೆದು ಕೊಟ್ವಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹೋದ ವರ್ಷ ಗಾಡಿಯಿಂದ ಇಳಿಯದೆ ಬರೆದುಕೊಂಡವನು ನಾನೇ ಎಂಬುದು ಅವಳಿಗೆ ನೆನಪಿತ್ತೋ ಇಲ್ಲವೋ, ನನಗೆ ನೆನಪಿತ್ತು.

ಗೂಟ ಕಿತ್ತೆ. ಮುಳ್ಳಿನೊಳಗೆ ನುಗ್ಗಿ, ಪಂಚೆ ಹರಿದುಕೊಂಡು, ಶೇಷಗಿರಿಯನ್ನೂ ಅವನಿಗೆ ಗಣಿತ ಕಲಿಸಿದ ಗುರುಪರಂಪರೆಯನ್ನೂ ಮನಸಾರೆ ಶಪಿಸುತ್ತ ಸರಿಯಾದ ಮೂಲೆಯಲ್ಲಿ ಚೌಕ ಅಳೆದೆ. ಅಲ್ಲಿ ಸಿಕ್ಕ ರಾಗಿ ನನ್ನ ಒಂದು ಬೊಗಸೆಯನ್ನೂ ತುಂಬಲಿಲ್ಲ.

ಎಲ್ಲ ಚುಕ್ಕಿಗಳನ್ನು ಕೂಡಿದಾಗ ಬೆಳೆ ನಮ್ಮ ಗಾಡಿಯ ಅಂದಾಜಿಗಿಂತ ಬಹಳ ಕಡಿಮೆ ಬಂತು. ಕಚೇರಿಯ ಮುಖ್ಯಸ್ಥರಾದ ಅಮಲ್ದಾರರು ಗೊಣಗಿ, ನನ್ನನ್ನು ಎರಡು ಸಲ ಕರೆಸಿ ವಿಚಾರಿಸಿ, ಕೊನೆಗೆ ರುಜು ಹಾಕಿದರು. ಲೆವಿ ಇಳಿಯಿತು. ಆ ವರ್ಷ ಮುನಿಯಮ್ಮನ ಬಿತ್ತನೆ ರಾಗಿ ಅವಳ ಮನೆಯಲ್ಲೇ ಉಳಿಯಿತು.

ಈ ಸಂತೋಷವನ್ನು ಹೇಳಲು ಹೋದರೆ ಶೇಷಗಿರಿ ಮುಳಬಾಗಿಲಿನ ನಕ್ಷೆ ಹರಡಿಕೊಂಡು, ಒಂದು ದೊಡ್ಡ ಕೆರೆಯ ನಟ್ಟನಡುವೆ ಬೆರಳಿಟ್ಟು ಕುಳಿತಿದ್ದ. ತಲೆಯೆತ್ತದೆಯೇ ಕೇಳಿದ: "ನಿಂಗೆ ಈಜು ಬರುತ್ತೇನೋ?"