ಎಂಟು ಸರಪಳಿ

ಅವನನ್ನು ಮೊದಲು ಎಲ್ಲರೂ ಗಾಳಿ ಎಂದು ಕರೆಯುತ್ತಿದ್ದರು. ಟ್ರೇಲರ್ ಮೇಲೆ ಟ್ರ್ಯಾಕ್ಟರೇ ಇರಲಿ, ಬಿತ್ತುವ ಯಂತ್ರವೇ ಇರಲಿ, ಎರಡು ಸರಪಳಿ ಎಸೆದು, ಬಾಯಲ್ಲಿದ್ದ ಬೀಡಿ ಆರುವ ಮೊದಲೇ ಹೊರಟುಬಿಡುತ್ತಿದ್ದ. ಈಗ ಅವನ ಹೆಸರು ಸರಪಳಿ. ನಾಲ್ಕು ಸಾಕಾಗುವ ಕಡೆ ಎಂಟು ಬಿಗಿಯುತ್ತಾನೆ. "ಇವ್ನು ಊಟದ ಡಬ್ಬಿಗೂ ಸರಪಳಿ ಹಾಕ್ತಾನೆ ಕಣ್ರೋ" ಎಂದು ಗ್ಯಾರೇಜಿನವರು ಆಡಿಕೊಂಡರೆ ಅವನೂ ಜೊತೆಗೆ ನಗುತ್ತಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆ ತನಗೇ ಹೇಳಿದ್ದು ಎಂದು ಅವನಿಗೆ ಗೊತ್ತು.

ಕೆಟ್ಟಿದ್ದು ಮಾತ್ರ ಅವನದಲ್ಲ, ಅಕ್ಕನ ಗಂಡನ ಮೊಣಕಾಲು.

ಭಾರದ ಯಂತ್ರ ಟ್ರೇಲರ್ ಹತ್ತಿದ ಕೂಡಲೇ ನೆಟ್ಟಗೆ ಕೂರುವುದಿಲ್ಲ. ನಾಲ್ಕೈದು ಕಿಲೋಮೀಟರ್ ಕುಲುಕಿದ ಮೇಲೆ ಟೈರು ತಗ್ಗಿ, ಬಿಗಿದ ಸರಪಳಿ ಎರಡು ಬೆರಳಷ್ಟು ಸಡಿಲವಾಗುತ್ತದೆ. ಆಗ ಇಳಿದು ಮತ್ತೆ ಬಿಗಿಯಬೇಕು. ಇದು ಈ ಕಸುಬಿನ ಅ ಆ ಇ ಈ. ಹನ್ನೊಂದು ವರ್ಷದ ಹಿಂದೆ, ಭಾವ ಕೊಂಡ ಹಳೆಯ ಹುಲ್ಲು ಕಟ್ಟುವ ಯಂತ್ರವನ್ನು ತರುವಾಗ, ಆಗಿನ್ನೂ ಗಾಳಿಯಾಗಿದ್ದ ಅವನು ಇಳಿಯಲಿಲ್ಲ. ಮನೆಗೆ ಇನ್ನು ಒಂದೇ ಏರು ಬಾಕಿ ಇತ್ತು. ಆ ಏರಿನಲ್ಲಿ ಯಂತ್ರ ಹಿಂದಕ್ಕೆ ಜಾರಿ, ಹಿಂದೆ ಬರುತ್ತಿದ್ದ ಭಾವನ ಜೀಪಿನ ಮೂತಿಯ ಮೇಲೆ ಬಿತ್ತು. ಅವತ್ತಿನಿಂದ ಭಾವನ ಎಡಗಾಲು ಪೂರ್ತಿ ಮಡಚುವುದಿಲ್ಲ.

"ಹೋಗ್ಲಿ ಬಿಡು" ಎಂದಿದ್ದರು ಭಾವ, ಆಸ್ಪತ್ರೆಯ ಹಾಸಿಗೆಯಲ್ಲೇ. ಆಮೇಲೆ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಆದರೆ ಒಂದನ್ನು ಅವನು ಗಮನಿಸಿದ್ದ. ದಾರಿಯಲ್ಲಿ ಎಲ್ಲಾದರೂ ಅವನ ಟ್ರೇಲರ್ ಮುಂದೆ ಹೋಗುತ್ತಿದ್ದರೆ ಭಾವನ ಜೀಪು ಚಹಾದ ಅಂಗಡಿಗೆ ತಿರುಗುತ್ತಿತ್ತು. ಭಾವ ಚಹಾ ಕುಡಿಯುವವರೇ ಅಲ್ಲ.

ಈ ವರ್ಷ ಭಾವ ಒಂದು ಹಳೆಯ ಕೊಯ್ಲು ಯಂತ್ರ ಕೊಂಡರು. ಅದನ್ನು ತರಲು ಬೇರೆ ಯಾರದೋ ಟ್ರೇಲರ್ ವಿಚಾರಿಸುತ್ತಿದ್ದಾಗ ಅಕ್ಕ ಕೇಳಿಸಿಕೊಂಡಳು. "ಮನೇಲೇ ಟ್ರೇಲರ್ ಇಟ್ಕೊಂಡು ಊರೋರ ಕಾಲು ಹಿಡಿಯೋದಾ?" ಎಂದಳು. ಅಕ್ಕನ ಬಾಯಿಗೆ ಎದುರಿಲ್ಲ. "ಆಯ್ತು, ಕರಿ ನಿನ್ನ ತಮ್ಮನ್ನ" ಎಂದರು ಭಾವ. ಅಗಲದ ಹೊರೆ, ಹಿಂದೆ ಕೆಂಪು ಬಟ್ಟೆ ಕಟ್ಟಿದ ಒಂದು ಗಾಡಿ ಬರಲೇಬೇಕು. ಆ ಗಾಡಿ ಭಾವನ ಜೀಪೇ ಆಯಿತು.

ಯಂತ್ರ ಮನೆಯಷ್ಟು ಎತ್ತರವಿತ್ತು. ಸರಪಳಿ ಎಂಟೂ ಬಿಗಿದು, ಬೆಳಿಗ್ಗೆ ಹತ್ತಕ್ಕೆ ಹೊರಟ. ಕನ್ನಡಿಯಲ್ಲಿ ಜೀಪು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಐದು ಕಿಲೋಮೀಟರಿಗೆ ನಿಲ್ಲಿಸಿದ. ಸರಪಳಿ ಎರಡು ಬೆರಳು ಸಡಿಲವಾಗಿತ್ತು, ಬಿಗಿದ. ಜೀಪೂ ಅಷ್ಟು ದೂರದಲ್ಲೇ ನಿಂತಿತು, ಭಾವ ಇಳಿಯಲಿಲ್ಲ. ಮಧ್ಯಾಹ್ನ ಇನ್ನೊಮ್ಮೆ ನಿಲ್ಲಿಸಿ ನೋಡಿದ, ಆಗಲೂ ಇಳಿಯಲಿಲ್ಲ. ಈ ಮನುಷ್ಯ ಸಾಯುವವರೆಗೂ ತನ್ನನ್ನು ನಂಬುವುದಿಲ್ಲ ಎಂದು ಅವನಿಗೆ ಅನಿಸಿತು.

ಅದೇ ಏರು ಬಂತು. ಬುಡದಲ್ಲಿ ನಿಲ್ಲಿಸಿ ಮೂರನೇ ಸಲ ಒಂದೊಂದೇ ಸರಪಳಿ ಎಳೆದು ನೋಡಿದ. ಈ ಸಲ ಭಾವ ಕಾಲೆಳೆಯುತ್ತಾ ಬಂದರು. ಸರಪಳಿ ಮುಟ್ಟಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡಿದರು.

"ಎಷ್ಟು ಸಲ ನೋಡ್ತೀಯೋ? ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ನೋಡ್ಲಿಲ್ಲ ನೀನು."

"ಅದಕ್ಕೇ ಅಲ್ವಾ ಭಾವ ಈಗ ಅನುಭವಿಸ್ತಿರೋದು?"

"ಹೊರಡು, ಹೊತ್ತಾಯ್ತು."

ಮೊದಲನೇ ಗೇರಿನಲ್ಲಿ ಹತ್ತತೊಡಗಿದ. ದಾರಿ ನೇರವಾಗಿತ್ತು. ಅರ್ಧಕ್ಕೆ ಬಂದು ಕನ್ನಡಿ ನೋಡಿದರೆ ಜೀಪಿಲ್ಲ. ಬಲಗಡೆಯ ಕನ್ನಡಿಯಲ್ಲೂ ಇಲ್ಲ, ಎಡಗಡೆಯದರಲ್ಲೂ ಇಲ್ಲ. ಬುಡದಲ್ಲೇ ನಿಂತುಬಿಟ್ಟಿದ್ದಾರೆ ಎಂದುಕೊಂಡ. ತಪ್ಪೇನಿಲ್ಲ, ತಾನಾಗಿದ್ದರೂ ನಿಲ್ಲುತ್ತಿದ್ದೆ ಎಂದು ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ.

ಏರು ಮುಗಿದು ಸಮತಟ್ಟು ಸಿಕ್ಕಿದ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಭಾವನನ್ನು ಕಾಯೋಣವೆಂದು ಹಿಂದಕ್ಕೆ ನಡೆದ.

ಜೀಪು ಟ್ರೇಲರಿನ ಬಾಲಕ್ಕೆ ಎರಡು ಮಾರು ದೂರದಲ್ಲಿ ನಿಂತಿತ್ತು. ಯಂತ್ರದ ಬೆನ್ನಿಗೇ ಅಂಟಿಕೊಂಡು ಹತ್ತಿದ್ದರಿಂದ ಯಾವ ಕನ್ನಡಿಗೂ ಕಂಡಿರಲಿಲ್ಲ.

"ಭಾವ, ಇಷ್ಟು ಹತ್ರ ಯಾಕೆ ಬಂದ್ರಿ?"

"ಜಾಗ ಬಿಟ್ರೆ ಮಧ್ಯಕ್ಕೆ ಯಾರಾದ್ರೂ ನುಗ್ತಾರೆ ಕಣೋ" ಎಂದು ಭಾವ ಎಡ ಮೊಣಕಾಲನ್ನು ತಿಕ್ಕಿಕೊಂಡರು. "ಮತ್ಯಾಕೆ ನಿಲ್ಲಿಸ್ದೆ? ನಡಿ, ನಿಮ್ಮಕ್ಕ ಬಾಗಿಲಲ್ಲೇ ಕಾಯ್ತಿರ್ತಾಳೆ."

ಅವನು ಭಾವನ ಕಡೆಗೆ ಬೆನ್ನು ಹಾಕಿ ಕೂತು, ಕೊನೆಯ ಸರಪಳಿಯ ಕೊಂಡಿಯನ್ನು ಹಿಡಿದುಕೊಂಡು ತುಂಬ ಹೊತ್ತು ನೋಡಿದ. ಸರಪಳಿ ಬಿಗಿಯಾಗಿಯೇ ಇತ್ತು.