ಒಂದು ಪ್ರಶ್ನೆ ತಿದ್ದಿದ ನೂರುನ್ನೀಸಾ

ಶಿಡ್ಲಘಟ್ಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿ ತುಂಬಾ ಬೇಯುವ ರೇಷ್ಮೆ ಗೂಡಿನ ವಾಸನೆ. ಪತ್ರಿಕೆಗೆ ಬರೆಯಲೆಂದು ಬಂದ ಹೊಸಬ ನಾನು, ಮೂಗು ಮುಚ್ಚಿಕೊಂಡೆ, ಬೈಸಿಕೊಂಡೆ. "ಅದು ನಮ್ಮ ಅನ್ನದ ವಾಸನೆ ಕಣಪ್ಪ, ಕೈ ತೆಗಿ," ಎನ್ನುತ್ತಾರೆ ನೂರುನ್ನೀಸಾ. ವಯಸ್ಸು ನಲವತ್ತೆರಡು, ಕಂಕುಳಲ್ಲಿ ಫಾರಂಗಳ ಕಟ್ಟು. ಬಿಸಿಲೇರುವ ಮೊದಲು ಏಳು ಮನೆ ಮುಗಿಸಬೇಕು.

ಬೆಂಗಳೂರಿನ ಸಂಶೋಧಕ ಚನ್ನಕೇಶವ ಅವರದೊಂದು ಅಧ್ಯಯನ ನಡೆಯುತ್ತಿದೆ. 1991ರಿಂದೀಚಿನ ಈ ಕೆಲವು ವರ್ಷಗಳಲ್ಲಿ ಆಮದು ನೀತಿ ಸಡಿಲವಾಗಿ ಚೀನಾ ರೇಷ್ಮೆ ಬರತೊಡಗಿದ ಮೇಲೆ ಇಲ್ಲಿ ನೂಲು ತೆಗೆಯುವವರ ಕೂಲಿ ಏನಾಯಿತು, ಗಂಡಸರಿಗೆಷ್ಟು, ಹೆಂಗಸರಿಗೆಷ್ಟು ಎಂಬುದು ಅದರ ವಿಷಯ. ಮನೆಮನೆ ಸುತ್ತಿ ವಿಚಾರಿಸುವುದು ಈಕೆಯ ಕೆಲಸ, ದಿನಕ್ಕೆ ಮೂವತ್ತು ರೂಪಾಯಿ. ಓದಿದ್ದು ಏಳನೇ ಕ್ಲಾಸು. ಹತ್ತು ವರ್ಷ ತಾವೇ ನೂಲು ತೆಗೆದವರು. ಬಿಸಿನೀರಿಗೆ ಬೆರಳ ತುದಿ ಸವೆದು ಪೆನ್ನು ಜಾರುತ್ತದೆ.

ಕಳೆದ ತಿಂಗಳು ಎಡವಟ್ಟಾಯಿತು. ಅರವತ್ತು ಮನೆಯ ಫಾರಂಗಳಲ್ಲಿ ದುಡಿಯುವ ಹೆಂಗಸರು ಬರೀ ಹನ್ನೊಂದು ಜನ! ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಹೆಂಗಸರ ಕೂಲಿಯ ವಿಷಯವನ್ನೇ ಕೈಬಿಡಬೇಕಾಗುತ್ತದೆ ಎಂದರಂತೆ ಚನ್ನಕೇಶವ. "ನನಗೆ ಮೈಯೆಲ್ಲ ಉರೀತು. ಒಲೆ ಮುಂದೆ ಕೂತಿರೋರೆಲ್ಲ ಯಾರು ಸಾರ್, ದೆವ್ವಗಳಾ ಅಂದೆ," ಎನ್ನುತ್ತಾರೆ. ಆದರೆ ಫಾರಂ ತುಂಬಿದ್ದು ಇವರೇ ತಾನೆ! 'ಕೆಲಸ ಮಾಡ್ತೀಯಾ' ಎಂದು ಕೇಳಿದ್ದರು, 'ಇಲ್ಲ' ಎಂದಿದ್ದನ್ನು ಹಾಗೇ ಬರೆದಿದ್ದರು. ಈಗ ಅದೇ ಅರವತ್ತು ಮನೆಗೆ ಮತ್ತೆ ನಡಿಗೆ. ಈ ಸುತ್ತಿಗೆ ಕೂಲಿ ಕೇಳಿಲ್ಲ.

ಇವತ್ತಿನ ಮೊದಲ ಮನೆಯಲ್ಲಿ ಜಾಹಿದಾ ಹಬೆಯಾಡುವ ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕುತ್ತಿದ್ದಾರೆ. ಗಂಡ ಅಮಾನುಲ್ಲಾ ಚರಕ ತಿರುಗಿಸುತ್ತಿದ್ದಾರೆ.

"ಏನು ಕೆಲಸ ಮಾಡ್ತೀಯಮ್ಮಾ?" ಎನ್ನುತ್ತಾರೆ ನೂರುನ್ನೀಸಾ. ಬೀದಿಗೆಲ್ಲ ಇವರು 'ಆಪಾ', ಅಂದರೆ ಅಕ್ಕ.

"ಏನಿಲ್ಲ ಆಪಾ. ಮನೇಲೇ ಸುಮ್ನೆ ಇರ್ತೀನಿ." ಕೈ ಮಾತ್ರ ನೀರಿನಿಂದ ಹೊರಗೆ ಬಂದಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ನೂರುನ್ನೀಸಾ ನಗುವುದಿಲ್ಲ. ಅಮಾನುಲ್ಲಾ ಕಡೆ ತಿರುಗುತ್ತಾರೆ. "ನಾಳೆ ಇವಳಿಗೆ ಜ್ವರ ಬಂತು ಅಂತಿಟ್ಕೋ. ಈ ಜಾಗಕ್ಕೆ ಯಾರನ್ನ ಕೂರಿಸ್ತೀಯಪ್ಪ?"

"ಆಳು ಕರೀಬೇಕು. ಗಂಡಾಳಾದ್ರೆ ನಲವತ್ತು, ಮೇಲೆ ಎರಡು ಸಲ ಟೀ. ಹೆಣ್ಣಾಳಾದ್ರೆ ಇಪ್ಪತ್ತೈದು."

"ಗಂಡಾಳು ತೆಗೆದ್ರೆ ನೂಲು ಬೇರೆ ಥರ ಬರುತ್ತಾ?"

"ಅದೇ ನೂಲು ಆಪಾ..." ಚರಕ ನಿಲ್ಲುತ್ತದೆ. ಅಮಾನುಲ್ಲಾ ಹೆಂಡತಿಯ ಕೈಯನ್ನೇ ನೋಡುತ್ತಾರೆ.

"ಬರ್ಕೊಳ್ಳಿ ಆಪಾ, ನೂಲು ತೆಗೀತಾಳೆ ಅಂತ," ಎನ್ನುತ್ತಾರೆ ಜಾಹಿದಾ.

"ನಲವತ್ತು ರೂಪಾಯಿ ಕೆಲಸ ಅಂತಾನೂ ಬರೀರಿ," ಅಮಾನುಲ್ಲಾ ಸೇರಿಸುತ್ತಾರೆ. ಅಬ್ಬಾ, ನನಗೆ ಕುಣಿಯುವಷ್ಟು ಖುಷಿಯಾಯಿತು.

ಇದುವರೆಗೆ ನಲವತ್ತೆರಡು ಮನೆ ಆಗಿದೆ, ಎಪ್ಪತ್ತೊಂದು ಹೆಂಗಸರು ಸಿಕ್ಕಿದ್ದಾರೆ. ಹೆಂಗಸರ ಕೂಲಿಗೆ ವರದಿಯಲ್ಲಿ ಒಂದು ಅಧ್ಯಾಯವೇ ಇರುತ್ತದೆಂದು ಚನ್ನಕೇಶವ ಹೇಳಿ ಕಳಿಸಿದ್ದಾರೆ. ಇದೇ ಅಧ್ಯಯನಕ್ಕೆ ಚಿಂತಾಮಣಿಯಲ್ಲಿ ಮನೆಮನೆ ಸುತ್ತುವವರೂ ಈಗ ಜ್ವರದ ಪ್ರಶ್ನೆಯನ್ನೇ ಕೇಳುತ್ತಾರೆ.

ಈ ಪ್ರಶ್ನೆ ಎಲ್ಲಿಂದ ಹೊಳೆಯಿತು ಎಂದು ದಾರಿಯಲ್ಲಿ ಕೇಳಿದೆ. ಅವರು ಫಾರಂಗಳ ಕಟ್ಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು.

"ನಮ್ಮಮ್ಮ ಮೂವತ್ತು ವರ್ಷ ನೂಲು ತೆಗೆದ್ರು. ಅವರು ತೀರ್ಕೊಂಡಾಗ, ಮರಣ ಪತ್ರಕ್ಕೆ ಅಂತ ಆಫೀಸಲ್ಲಿ ಕಸುಬು ಏನು ಅಂತ ಕೇಳಿದ್ರು. 'ಏನಿಲ್ಲ, ಮನೇಲಿದ್ರು' ಅಂತ ಬರೆಸಿದ್ದು ನಾನೇ ಕಣಪ್ಪ. ಆ ಕಾಗದ ಇನ್ನು ತಿದ್ದೋಕಾಗಲ್ಲ. ಉಳಿದಿರೋ ಹದಿನೆಂಟು ಮನೇದು ಸರಿಯಾಗಿ ಬರೀತೀನಿ."