ಮಹಡಿಗೆ ಹೊಲಿದ ಅಂಗಿ

ಬಿಸ್ಕತ್ ಕಾರ್ಖಾನೆಯ ಹಿಂದೆ, ಗೋದಾಮಿಗೂ ಕಾಂಪೌಂಡ್ ಗೋಡೆಗೂ ನಡುವೆ ನಮ್ಮ ವಾಲಿಬಾಲ್ ಅಂಕಣ. ಪಾಳಿ ಮುಗಿಸಿ ನಾವು ಅಲ್ಲಿಗೆ ಬರುವ ಹೊತ್ತಿಗೆ ಬೆಣ್ಣೆ, ಸಕ್ಕರೆಯ ಬಿಸಿ ವಾಸನೆ ತೇಲಿಬರುತ್ತಿತ್ತು. ಇಳಿಬಿಸಿಲು ಬಲೆಯ ಕಣ್ಣುಗಳಿಂದ ತೂರಿ ನೆಲದ ಮೇಲೆ ಚೌಕ ಚೌಕವಾಗಿ ಮಲಗಿರುತ್ತಿತ್ತು. ಚೆಂಡು ಎತ್ತಿಕೊಡುವವಳು ನಾನು, ಹೊಡೆಯುವವಳು ಅವಳು. ಚೆಂಡಿಗಿಂತ ಮೊದಲೇ ಅವಳು ಮೇಲೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ಕಿಟಕಿಯಿಂದ ಬೀದಿ ನೋಡುವವಳ ಹಾಗೆ ನಮ್ಮನ್ನೆಲ್ಲ ನೋಡಿ, ಆಮೇಲೆ ಸಾವಕಾಶವಾಗಿ ಹೊಡೆಯುತ್ತಿದ್ದಳು. ಅದಕ್ಕೇ ಅವಳಿಗೆ ಮಹಡಿ ಎಂದು ಹೆಸರಿಟ್ಟಿದ್ದೆವು.

ಬಿಸ್ಕತ್ ಪೊಟ್ಟಣಗಳನ್ನು ಡಬ್ಬಿಗೆ ತುಂಬುವಾಗಲೂ ಅವಳ ಅರ್ಧ ಜೀವ ಮೇಲೆಯೇ.

"ಕನಸಲ್ಲಿ ಹಾರ್ತೀನಿ ಕಣೇ, ಇಳಿಯೋದೇ ಮರ್ತುಹೋಗುತ್ತೆ. ಚೆಂಡೂ ಇಳಿಯಲ್ಲ. ಇಬ್ರೂ ಅಲ್ಲೇ ಮಾತಾಡ್ಕೊಂಡು ಇರ್ತೀವಿ."

"ಚೆಂಡು ಏನನ್ನುತ್ತೆ?"

"ನಿನ್ನನ್ನ ಬೈಯುತ್ತೆ. ನೆಟ್ಟಗೆ ಎತ್ತಿಕೊಡೋಕೆ ಬರಲ್ಲ ಅಂತ."

ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಮಹಡಿಯನ್ನು ಸಾಕಿದ್ದು ಅಕ್ಕ. ಮನೆಯ ಮುಂದಿನ ಕೋಣೆಯೇ ಅಕ್ಕನ ಟೈಲರ್ ಅಂಗಡಿ. ನಮ್ಮ ತಂಡದ ಅಂಗಿಗಳನ್ನೆಲ್ಲ ಹೊಲಿದುಕೊಡುತ್ತಿದ್ದವಳು ಅವಳೇ. ಯಾರ ಬಟ್ಟೆಯಲ್ಲಿ ಸುಕ್ಕು ಕಂಡರೂ ಅಕ್ಕನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಬೀದಿಯಲ್ಲಿ ಅಪರಿಚಿತರನ್ನು ನಿಲ್ಲಿಸಿ ಅವರ ಕಾಲರ್ ಸರಿಮಾಡಿದ್ದನ್ನು ನಾನೇ ನೋಡಿದ್ದೇನೆ. ಅಂಥವಳು ತಂಗಿಯ ಅಂಗಿಯನ್ನು ಬಿಡುತ್ತಾಳೆಯೇ?

ಆ ವರ್ಷ ದೇಶದ ತಂಡಕ್ಕೆ ಆಯ್ಕೆ ಇತ್ತು. ನನಗೂ ಮಹಡಿಗೂ ಕರೆ ಬಂತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕಡೆಯ ಅವಕಾಶ. ಸರಿಯಾಗಿ ಆಗಲೇ ಅವಳ ಹೊಡೆತ ಸಾಯತೊಡಗಿತು. ಮೇಲೆ ಹೋಗುತ್ತಿದ್ದಳು, ನಿಲ್ಲುತ್ತಿದ್ದಳು, ಆದರೆ ಚೆಂಡು ಬಲೆಗೆ ಬಿದ್ದು ಸೋತ ಮುಖ ಮಾಡಿಕೊಂಡು ಉರುಳುತ್ತಿತ್ತು. "ಹೆಗಲು ಒಂಚೂರು ಹಿಡ್ಕೊಂಡಿದೆ" ಎನ್ನುತ್ತಿದ್ದಳು. ಕೋಚ್ ಮಾತ್ರ, "ಮೋಡ ಎಣಿಸೋದು ಬಿಟ್ಟು ಕೈ ಬೀಸಮ್ಮ" ಎಂದು ರೇಗುತ್ತಿದ್ದರು. ಅವರ ಬಾಯಿಗೆ ಬೀಗ ಹಾಕಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿತ್ತು.

ಫಿಸಿಯೋ ಮೇಡಂ ಬಂದು ನಮ್ಮನ್ನೆಲ್ಲ ಬೆನ್ನು ತಿರುಗಿಸಿ ಸಾಲಾಗಿ ನಿಲ್ಲಿಸಿದರು. ಕೈ ಮೇಲೆತ್ತಿ, ಇಳಿಸಿ ಎಂದರು. ಮಹಡಿಯ ಬೆನ್ನು ಇಸ್ತ್ರಿ ಮಾಡಿದ ಹಾಗಿತ್ತು. ಎರಡು ಭುಜವೂ ಸಮ, ಅಂಗಿಯಲ್ಲಿ ಒಂದು ಗೆರೆಯೂ ಇಲ್ಲ. "ಏನೂ ಆಗಿಲ್ಲ, ಆಯ್ಕೆ ಅಂತ ಹೆದರಿದೀಯ ಅಷ್ಟೆ" ಎಂದು ಬೆನ್ನು ತಟ್ಟಿ ಹೋದರು. ಮಹಡಿಯೂ ನಂಬಿದಳು. ಹೆದರಿಕೆ ಓಡಿಸಲು ಇನ್ನೂ ಜೋರಾಗಿ ಹೊಡೆದಳು, ಇನ್ನೂ ನೋಯಿಸಿಕೊಂಡಳು.

ಮುಂದಿನ ವಾರ ಪ್ಯಾಕಿಂಗ್ ವಿಭಾಗದಲ್ಲಿ ಯಾರೋ ಅವಳ ಅಂಗಿಯ ಮೇಲೆ ಎಣ್ಣೆ ಚೆಲ್ಲಿದರು. ನನ್ನ ಅಳತೆಗೆ ಹೊಲಿದಿದ್ದ ಇನ್ನೊಂದು ಅಂಗಿಯನ್ನು ತೊಟ್ಟು ಅವಳು ಆಟಕ್ಕೆ ಇಳಿದಳು. ಪಕ್ಕದ ಬೆಂಚಿನಲ್ಲಿ ಯಾರದೋ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದ ಮೇಡಂ ತಲೆ ಎತ್ತಿದವರು ಹಾಗೇ ಎದ್ದು ನಿಂತರು.

"ನಿಲ್ಲು. ಕೈ ಮೇಲೆತ್ತು. ಈಗ ಮೆಲ್ಲಗೆ ಇಳಿಸು."

ನನಗೂ ಕಂಡಿತು. ಬಲಗಡೆ ಹೆಗಲ ಹಿಂದಿನ ಹಲಗೆಯಂಥ ಮೂಳೆ, ಸರಿಯಾಗಿ ಮುಚ್ಚದ ಕಪಾಟಿನ ಬಾಗಿಲಿನ ಹಾಗೆ ಬೆನ್ನಿನಿಂದ ಎದ್ದು ನಿಂತಿತ್ತು. ಕೈ ಇಳಿಯುವಾಗ ತಡವರಿಸಿ, ಜರ್ರನೆ ಜಾರಿತು.

"ಕೈ ಮೇಲೆ ಹೋದಾಗ ಈ ಮೂಳೆ ಬೆನ್ನಿಗೆ ಅಂಟ್ಕೊಂಡು ಜೊತೇಲಿ ಜಾರ್ಬೇಕು" ಎಂದರು ಮೇಡಂ. "ತಲೆ ಮೇಲಿಂದ ಹೊಡ್ದೂ ಹೊಡ್ದೂ ಅದನ್ನ ಹಿಡ್ಕೊಂಡಿರೋ ಸ್ನಾಯು ಸುಸ್ತಾಗಿದೆ. ಈಗ ಕೈಗೆ ಆಧಾರವೇ ಇಲ್ಲ. ಒಳಗಿನ ನರ, ಸ್ನಾಯು ಎಲ್ಲ ಉಜ್ಜಿಹೋಗ್ತಿದೆ. ಕೆಲವು ತಿಂಗಳು ಹೊಡೆಯೋದು ನಿಲ್ಲಿಸಿ ವ್ಯಾಯಾಮ ಮಾಡಿದ್ರೆ ಸರಿಹೋಗುತ್ತೆ. ಹೀಗೇ ಆಯ್ಕೆಗೆ ಹೋದ್ರೆ ಹರಿದುಹೋಗ್ಬಹುದು. ಆದ್ರೆ ಮೊನ್ನೆ ನನಗೆ ಯಾಕೆ ಕಾಣಿಸ್ಲಿಲ್ಲ?"

ಇವತ್ತು ಅವಳು ತೊಟ್ಟಿರುವುದು ನನ್ನ ಅಂಗಿ ಎಂದೆ. ಮೂವರೂ ಅಕ್ಕನ ಅಂಗಡಿಗೆ ಹೋದೆವು. ಮಹಡಿಯ ಅಂಗಿ ಹೇಗೆ ಹೊಲಿಯುತ್ತೀರಿ ಎಂದು ಮೇಡಂ ಕೇಳಿದ್ದೇ ತಡ, ಅಕ್ಕ ಖುಷಿಯಿಂದ ತಂಗಿಯ ಒಂದು ಅಂಗಿ ತಂದು ಒಳಮಗ್ಗುಲು ತಿರುಗಿಸಿದಳು.

"ಬಲಗಡೆ ಬೆನ್ನಲ್ಲಿ ಬಟ್ಟೆ ಎತ್ತುತ್ತಿತ್ತು ಮೇಡಂ. ಚೆಂಡು ಹೊಡೆಯೋರ ಮೈ ಹಾಗೇ ಬೆಳೆಯುತ್ತೆ ಅನ್ಕೊಂಡೆ. ಅದಕ್ಕೆ ಆ ಕಡೆ ಸಡಿಲ ಬಿಟ್ಟು, ಎರಡೂ ಸಮ ಕಾಣ್ಲಿ ಅಂತ ಎಡಗಡೆ ಒಳಗೆ ತೆಳ್ಳಗೆ ಒಂದು ಪಟ್ಟಿ ಕೊಟ್ಟೆ. ಪ್ರತಿ ಸಲ ಇನ್ನೊಂಚೂರು, ಇನ್ನೊಂಚೂರು. ನೋಡಿ, ಎಲ್ಲಾದ್ರೂ ಒಂದು ಸುಕ್ಕು ಇದೆಯಾ?"

ಅಕ್ಕ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಮೇಡಂ ಮೆಲುದನಿಯಲ್ಲಿ ವಿಷಯ ತಿಳಿಸಿದರು. ಅಂಗಿ ಅಕ್ಕನ ಕೈಯಿಂದ ಜಾರಿತು.

"ಅಯ್ಯೋ, ನನ್ನ ಕೈಯಾರೆ ಮುಚ್ಚಿಟ್ಟೆನಲ್ಲೇ!"

"ಬಿಡಕ್ಕ. ನೀನು ಎಷ್ಟು ಚೆನ್ನಾಗಿ ಹೊಲಿದೆ ಅಂದ್ರೆ ನನಗೇ ಗೊತ್ತಾಗ್ಲಿಲ್ಲ" ಎಂದು ಮಹಡಿ ನಕ್ಕಳು. ಆಯ್ಕೆಗೆ ಹೋಗುವುದಿಲ್ಲ ಎಂದು ಹೇಳುವಾಗಲೂ ನಗುತ್ತಲೇ ಇದ್ದಳು. ಅವಳು ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಯ್ಕೆಯ ದಿನ ಬೆಳಿಗ್ಗೆ ನಾನು ಹೇಳಿಹೋಗಲು ಬಂದಾಗ ಅವಳು ಅಂಗಡಿಯ ಗೋಡೆಗೆ ಎರಡೂ ಅಂಗೈ ಊರಿ, ನಿಧಾನಕ್ಕೆ ವಾಲುತ್ತ, ಹಿಂದೆ ಸರಿಯುತ್ತ ಇದ್ದಳು. ಅಕ್ಕ ಹೊಲಿಗೆ ಬಿಟ್ಟು ಬಂದು ಆ ಮೂಳೆಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. "ಈಗ ಎತ್ತಿತು. ಇನ್ನೊಂದು ಸಲ ಮಾಡು" ಎಂದು ಪಿಸುಗುಡುತ್ತಿದ್ದಳು.

ಆಯ್ಕೆ ನಡೆದದ್ದು ದೊಡ್ಡ ಒಳಾಂಗಣದಲ್ಲಿ. ಎತ್ತರದ ಗಾಜುಗಳಿಂದ ಇಳಿದ ಬೆಳಕಿನಲ್ಲಿ ಎಲ್ಲರೂ ನೀರೊಳಗೆ ಆಡುತ್ತಿದ್ದ ಹಾಗಿತ್ತು. ನಾನು ಚೆಂಡು ಎತ್ತಿದೆ. ಅದು ಮೇಲೆ ಹೋಯಿತು, ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಹೊಡೆಯಬೇಕಾದ ಹುಡುಗಿಯ ಕೈ ಎಷ್ಟೋ ಕೆಳಗೆ ಗಾಳಿಯನ್ನು ಹೊಡೆಯಿತು. ತಗ್ಗಿಸಿ ಎತ್ತಲು ನೋಡಿದೆ. ಇಷ್ಟು ವರ್ಷದ ಅಭ್ಯಾಸ, ಕೈ ನನ್ನ ಮಾತು ಕೇಳಲಿಲ್ಲ. ಎತ್ತಿದ ಚೆಂಡೆಲ್ಲ ಅವಳನ್ನೇ ಹುಡುಕಿಕೊಂಡು ಮೇಲೆ ಹೋಯಿತು. ಮಧ್ಯಾಹ್ನದೊಳಗೆ ನನ್ನನ್ನು ಮನೆಗೆ ಕಳಿಸಿದರು.

ಅಂಗಡಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಹಡಿ ಗೋಡೆಯಿಂದ ಕೈ ತೆಗೆದು ನನ್ನತ್ತ ತಿರುಗಿದಳು.

"ಪೆದ್ದಿ, ನಾನು ಅಲ್ಲಿಲ್ಲ ಅಂತ ಗೊತ್ತಿರ್ಲಿಲ್ವಾ ನಿನಗೆ?"

"ಗೊತ್ತಿತ್ತು ಕಣೇ."

ತನ್ನ ಅವಕಾಶ ಕೈತಪ್ಪಿದಾಗ ಒಂದು ಹನಿ ಕಣ್ಣೀರು ಹಾಕದವಳು, ನನ್ನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಅವಳ ಬೆನ್ನಿನಿಂದ ಕೈ ತೆಗೆಯಲಿಲ್ಲ.